ಭೋಪಾಲದ ಭಾರತ ಭವನ: ಚಿತ್ರದ ಕೆಳಗೊಂದು ಹೆಸರು

ಭೋಪಾಲದಲ್ಲಿ ಭಾರತ ಭವನವೆಂದರೆ ಆಟೋದವರಿಗೆ ದಾರಿ ಹೇಳಬೇಕಾಗಿಲ್ಲ. ಆದರೆ ಶ್ಯಾಮಲಾ ಬೆಟ್ಟದ ಮೇಲೆ ಆಟೋದಿಂದ ಇಳಿದ ಹೊಸಬರು, ಕಟ್ಟಡವೆಲ್ಲಿ ಎಂದು ಒಂದು ಕ್ಷಣ ಅತ್ತಿತ್ತ ನೋಡುವುದುಂಟು. ಎದುರಿಗೆ ಗೋಪುರವಿಲ್ಲ, ಕಂಬಗಳ ಸಾಲಿಲ್ಲ, ಎತ್ತರದ ಮುಖಮಂಟಪವಿಲ್ಲ. ಕಾಣುವುದು ಬಯಲಿನಂಥ ಒಂದು ಜಾಗ, ಅದರಾಚೆ ದೊಡ್ಡ ಕೆರೆಯ ನೀರು. ನಾಲ್ಕು ಹೆಜ್ಜೆ ಮುಂದಿಟ್ಟರೆ ಮೆಟ್ಟಿಲುಗಳು ಸಿಗುತ್ತವೆ. ಇಳಿಯುತ್ತ ಹೋದಂತೆ ಒಂದು ಅಂಗಳ, ಅಂಗಳದ ಸುತ್ತ ಕೊಠಡಿಗಳು. ಇನ್ನಷ್ಟು ಇಳಿದರೆ ಮತ್ತೊಂದು ಅಂಗಳ. ಇಷ್ಟು ಹೊತ್ತು ಕಟ್ಟಡದ ಛಾವಣಿಯ ಮೇಲೆಯೇ ನಿಂತು ಕಟ್ಟಡವನ್ನು ಹುಡುಕುತ್ತಿದ್ದುದು ಆಗ ಅರಿವಿಗೆ ಬರುತ್ತದೆ.

ಇದನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಕೆರೆಯತ್ತ ಇಳಿಯುವ ಗುಡ್ಡದ ಓರೆಯನ್ನು ಕಡಿದು ಸಮತಟ್ಟು ಮಾಡುವ ಗೋಜಿಗೆ ಹೋಗದೆ, ಓರೆ ಇದ್ದಂತೆಯೇ ಅಂತಸ್ತು ಅಂತಸ್ತಾಗಿ ಕಟ್ಟಡವನ್ನು ನೆಲದೊಳಕ್ಕೆ ಇಳಿಬಿಟ್ಟರು. ಇದರಿಂದ ಎರಡು ಲಾಭ. ಮೇ ತಿಂಗಳಿನಲ್ಲಿ ಭೋಪಾಲದ ಬಿಸಿಲು 40 ಡಿಗ್ರಿ ದಾಟುತ್ತದೆ. ಮಣ್ಣು ಮಂದವಾಹಕ, ಮೇಲ್ಮೈಯ ಕಾವು ಕೆಲವು ಅಡಿ ಕೆಳಗಿಳಿಯುವಷ್ಟರಲ್ಲಿ ಬಹಳ ಕ್ಷೀಣಿಸಿರುತ್ತದೆ. ಆದ್ದರಿಂದ ನೆಲದಲ್ಲಿ ಹುದುಗಿದ ಕೋಣೆ ತಂಪಾಗಿರುತ್ತದೆ. ಎರಡನೆಯದು, ನೆರಳಿಗೆ ಅಂಗಳ, ಗಾಳಿಗೆ ಛಾವಣಿ ಎಂದು ಹಗಲು ಸಂಜೆಗಳನ್ನು ಬೇರೆ ಬೇರೆ ಕಡೆ ಕಳೆಯಬಹುದು. ನಮ್ಮ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಗ್ಯಾಲರಿಗಳಿಗೆ ಬೆಳಕು ಬರುವುದು ಮೇಲಿನಿಂದ. ಛಾವಣಿಯಲ್ಲಿ ಕಾಂಕ್ರೀಟಿನ ಚಿಪ್ಪುಗಳಂಥ ರಚನೆಗಳಿವೆ. ಸೂರ್ಯನ ಬೆಳಕು ಅವುಗಳ ಒಳಮೈಗೆ ಬಡಿದು ಚದುರಿ ಕೆಳಗಿಳಿಯುತ್ತದೆ. ನೇರ ಬಿಸಿಲು ಚಿತ್ರದ ಬಣ್ಣವನ್ನು ತಿನ್ನುತ್ತದೆ. ಚದುರಿದ ಬೆಳಕಿನಿಂದ ಆ ಹಾನಿ ಕಡಿಮೆ, ಕಣ್ಣಿಗೂ ಹಿತ.

ಕೆರೆಯ ಕಥೆ ಇನ್ನೂ ಹಳೆಯದು. ಹನ್ನೊಂದನೆಯ ಶತಮಾನದ ಪರಮಾರ ದೊರೆ ಭೋಜ ಕಟ್ಟಿಸಿದನೆಂಬ ಪ್ರತೀತಿಯ ಈ ಜಲಾಶಯವನ್ನು ಊರಿನವರು ಬಡಾ ತಾಲಾಬ್ ಎನ್ನುತ್ತಾರೆ. 2002ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಹೊರಗಿನವರಿಗೆ ಭೋಪಾಲವೆಂದರೆ ಮೊದಲು ನೆನಪಾಗುವುದು 1984ರ ಡಿಸೆಂಬರಿನ ವಿಷಾನಿಲ ದುರಂತ. ಅದನ್ನು ಮರೆಯಬೇಕಾಗಿಲ್ಲ, ಮರೆಯಲೂಬಾರದು. ಆದರೆ ಅದೇ ಊರಿನಲ್ಲಿ, ಅದಕ್ಕೆ ಎರಡು ವರ್ಷ ಮೊದಲೇ, ಕಲಾಲೋಕದಲ್ಲಿ ಯಾರೂ ಎಣಿಸದಿದ್ದ ಕೆಲಸವೊಂದು ಆರಂಭವಾಗಿತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1982ರ ಫೆಬ್ರವರಿ 13ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಭಾರತ ಭವನವನ್ನು ಉದ್ಘಾಟಿಸಿದರು. ಇದರ ಬೆನ್ನ ಹಿಂದೆ ನಿಂತವರು ಹಿಂದಿ ಕವಿಯೂ ಆಡಳಿತಾಧಿಕಾರಿಯೂ ಆಗಿದ್ದ ಅಶೋಕ ವಾಜಪೇಯಿ. ಕವಿತೆಗೆ ವಾಗರ್ಥ, ಸಂಗೀತಕ್ಕೆ ಅನಹದ್, ನಾಟಕಕ್ಕೆ ರಂಗಮಂಡಲ, ಚಿತ್ರ ಶಿಲ್ಪಗಳಿಗೆ ರೂಪಂಕರ್ ಎಂದು ವಿಭಾಗಗಳಾದವು. ಕೆರೆಗೆ ಮುಖ ಮಾಡಿದ ಬಯಲು ರಂಗಮಂದಿರದ ಹೆಸರು ಬಹಿರಂಗ್, ಒಳಗಿನದು ಅಂತರಂಗ್. ಕನ್ನಡದವರಿಗೆ ಅನುವಾದವೇ ಬೇಡದ ಹೆಸರುಗಳು.

ಇಲ್ಲಿ ಕನ್ನಡದ ನಂಟೂ ಉಂಟು. ರಂಗಮಂಡಲವನ್ನು 1981ರಿಂದ 1986ರವರೆಗೆ ನಡೆಸಿದವರು ನಮ್ಮ ಬಿ. ವಿ. ಕಾರಂತರು. ದಕ್ಷಿಣ ಕನ್ನಡದ ಬಾಬುಕೋಡಿಯ ಕಾರಂತರು ಅಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಬುಂದೇಲಿ, ಮಾಲ್ವಿಯಂಥ ಆಡುನುಡಿಗಳಲ್ಲಿ ಸಂಸ್ಕೃತದ ಹಳೆಯ ನಾಟಕಗಳನ್ನು ಆಡಿಸಿದ್ದು. ಪುಸ್ತಕದ ಹಿಂದಿ ಬಾರದ ನಟನೂ ರಂಗದ ಮೇಲೆ ತನ್ನ ಮನೆಮಾತಿನಲ್ಲಿ ರಾಜನಾಗಬಹುದೆಂಬ ಧೈರ್ಯ ಅದರಿಂದ ಬಂತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಕಾರಂತರ ಕೈಯಲ್ಲಿ ಭೋಪಾಲದ ಈ ಅನುಭವವಿತ್ತು.

ಕಾರಂತರು ನುಡಿಯಲ್ಲಿ ಮಾಡಿದ್ದನ್ನು ಬಣ್ಣದಲ್ಲಿ ಮಾಡಿದವರು ರೂಪಂಕರ್‌ನ ಮೊದಲ ನಿರ್ದೇಶಕ ಜಗದೀಶ್ ಸ್ವಾಮಿನಾಥನ್. 1928ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ತಮಿಳು ಮೂಲದ ಈ ಚಿತ್ರಕಾರರು ಮೊದಲಿಗೆ ಪತ್ರಕರ್ತರು, ಕಮ್ಯುನಿಸ್ಟ್ ಕಾರ್ಯಕರ್ತರು. ಬೀಡಿ, ಗಡ್ಡ, ಲುಂಗಿ, ಜೋರು ವಾದ ಇವೆಲ್ಲ ಅವರ ಗುರುತಾಗಿದ್ದವು. ಅವರ ಪ್ರಶ್ನೆ ಸರಳವಾಗಿತ್ತು. ದೆಹಲಿಯಲ್ಲೋ ಮುಂಬಯಿಯಲ್ಲೋ ಇವತ್ತು ಬರೆದ ಚಿತ್ರ ಸಮಕಾಲೀನ ಕಲೆಯಾದರೆ, ಮಂಡ್ಲಾದ ಕಾಡಿನಲ್ಲಿ ಇವತ್ತೇ ಬರೆದ ಚಿತ್ರ ಯಾಕೆ ಸಮಕಾಲೀನ ಅಲ್ಲ? ಇಬ್ಬರೂ ಇದೇ ಕಾಲದಲ್ಲಿ ಬದುಕಿರುವವರಲ್ಲವೇ? ಒಬ್ಬರ ಕೃತಿ ಕಲಾಗ್ಯಾಲರಿಗೆ, ಇನ್ನೊಬ್ಬರದು ಮಾನವಶಾಸ್ತ್ರದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂದು ಗೊತ್ತುಮಾಡಿದವರು ಯಾರು?

ಹಳೆಯ ವಸ್ತುಸಂಗ್ರಹಾಲಯಗಳಿಗೆ ಹೋದವರು ಅಲ್ಲಿನ ಚೀಟಿಗಳನ್ನು ಓದಿರುತ್ತಾರೆ. ತೈಲಚಿತ್ರದ ಕೆಳಗೆ ಕಲಾವಿದನ ಹೆಸರು, ಹುಟ್ಟಿದ ವರ್ಷ, ಚಿತ್ರದ ಶೀರ್ಷಿಕೆ. ಆದಿವಾಸಿ ಚಿತ್ರದ ಕೆಳಗೆ ಬುಡಕಟ್ಟಿನ ಹೆಸರು, ಜಿಲ್ಲೆಯ ಹೆಸರು, ಮುಗಿಯಿತು. ಚಿಟ್ಟೆಯ ಮಾದರಿಗೆ ಅಂಟಿಸುವ ಚೀಟಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಜಾತಿ, ಪ್ರಭೇದ, ಸಿಕ್ಕಿದ ಸ್ಥಳ! ರೂಪಂಕರ್‌ನಲ್ಲಿ ನಗರದ ಆಧುನಿಕ ಕಲೆಗೂ ಜನಪದ, ಆದಿವಾಸಿ ಕಲೆಗೂ ಒಂದೇ ಸೂರಿನಡಿ ಸಮಾನ ಸ್ಥಾನ ಸಿಕ್ಕಿತು. ಬರೆದವರ ಹೆಸರನ್ನು ಕೇಳಿ ಬರೆದುಕೊಳ್ಳುವುದೂ ಆರಂಭವಾಯಿತು. ಇದು ಅಂದಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಹೆಸರು ಬರೆಯಲು ಮೊದಲು ಜನ ಸಿಗಬೇಕಲ್ಲ. ಉದ್ಘಾಟನೆಗೆ ಮೊದಲೇ ಸ್ವಾಮಿನಾಥನ್ ಯುವ ಕಲಾವಿದರ, ಕಲಾ ವಿದ್ಯಾರ್ಥಿಗಳ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಅಟ್ಟಿದರು. ಆಗ ಛತ್ತೀಸಗಢವೂ ಆ ರಾಜ್ಯದ ಭಾಗವೇ ಆಗಿತ್ತು. ಹಾಗೆ ಹೋದ ತಂಡವೊಂದು ಮಂಡ್ಲಾ ಜಿಲ್ಲೆಯ ಪಾಟನ್‌ಗಢ ಎಂಬ ಹಳ್ಳಿಯನ್ನು ತಲುಪಿತು. ಈ ಹಳ್ಳಿ ಈಗ ಡಿಂಡೋರಿ ಜಿಲ್ಲೆಯಲ್ಲಿದೆ. ಮಾನವಶಾಸ್ತ್ರಜ್ಞ ವೆರಿಯರ್ ಎಲ್ವಿನ್ 1940ರ ದಶಕದಲ್ಲಿ ನೆಲೆಸಿದ್ದ ಊರೂ ಇದೇ. ಅಲ್ಲಿ ಒಂದು ಮಣ್ಣಿನ ಗೋಡೆಯ ಮೇಲೆ ಹನುಮಂತನ ಚಿತ್ರ ಕಂಡಿತು. ಬರೆದವರಾರೆಂದು ವಿಚಾರಿಸಿದಾಗ ಸಿಕ್ಕಿದವನು ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಜನಗಢ ಸಿಂಗ್ ಶ್ಯಾಮ್. ಬಡತನದಿಂದ ಶಾಲೆ ಬಿಟ್ಟು ಎಮ್ಮೆ ಕಾಯುತ್ತ, ಕೂಲಿ ಮಾಡುತ್ತ ಇದ್ದವನು.

ಜನಗಢ ಅವರ ಸಮುದಾಯದ ಹೆಸರು ಪರ್ಧಾನ್. ಇವರು ಗೊಂಡರ ಕಥೆಗಾರರು, ವಂಶಾವಳಿ ಹಾಡುವವರು; ನಮ್ಮ ಕಡೆಯ ಹೆಳವರನ್ನು ನೆನಪಿಸುವಂಥವರು. ಬಾನಾ ಎಂಬ ತಂತಿವಾದ್ಯವನ್ನು ನುಡಿಸುತ್ತ ಗೊಂಡ ಯಜಮಾನರ ಮನೆಗಳಿಗೆ ಹೋಗಿ ಹಾಡಿ, ಧಾನ್ಯವನ್ನೋ ದನವನ್ನೋ ಪಡೆದು ಬರುವುದು ಅವರ ವೃತ್ತಿಯಾಗಿತ್ತು. ಅವರ ಮುಖ್ಯ ದೈವ ಬಡಾದೇವ. ಅವನಿರುವುದು ಸಾಜಾ ಮರದಲ್ಲಿ. ಸಾಜಾ ಎಂದರೆ ಬೇರೇನಲ್ಲ, ಮೊಸಳೆಯ ಬೆನ್ನಿನಂಥ ತೊಗಟೆಯ ನಮ್ಮ ಮಲೆನಾಡಿನ ಮತ್ತಿ ಮರ. ಗೊಂಡ ದೊರೆಗಳು ಹೋದರು, ಯಜಮಾನರ ಕೈ ಬರಿದಾಯಿತು, ಹಾಡು ಕೇಳುವವರು ಕಡಿಮೆಯಾದರು. ಪರ್ಧಾನರು ಕೂಲಿಗೆ ಇಳಿದರು.

ಹಾಡು ಪರ್ಧಾನರ ವೃತ್ತಿ. ಚಿತ್ರ ಹಾಗಲ್ಲ, ಅದು ಮನೆಯ ಹೆಂಗಸರ ಕೆಲಸ. ಹಬ್ಬಕ್ಕೆ, ಮದುವೆಗೆ ನೆಲ ಸಾರಿಸಿ, ಗೋಡೆ ಬಳಿದು ಡಿಗ್ನಾ ಎಂಬ ರೇಖಾಚಿತ್ರಗಳನ್ನು ಬರೆಯುತ್ತಿದ್ದರು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದಂತೆಯೇ ಇದರ ಸಾಮಗ್ರಿಯೂ ಕಾಲಡಿಯ ನೆಲದ್ದು. ಬಿಳಿಗೆ ಬಿಳಿ ಜೇಡಿ, ಕಪ್ಪಿಗೆ ಇದ್ದಿಲು, ಕೆಂಪಿಗೆ ಗೇರು ಮಣ್ಣು, ಹಳದಿಗೆ ರಾಮರಜ್ ಎಂಬ ಮಣ್ಣು. ವಿಜ್ಞಾನ ಓದುವ ಮಕ್ಕಳು ಇಲ್ಲೊಂದು ಸಂಗತಿ ಗಮನಿಸಬಹುದು. ಕೆಂಪು ಹಳದಿ ಎರಡೂ ಕಬ್ಬಿಣದ ಆಕ್ಸೈಡುಗಳೇ. ಹಳದಿಯಲ್ಲಿ ಕಬ್ಬಿಣದ ಜೊತೆ ನೀರಿನ ಅಂಶ ಸೇರಿಕೊಂಡಿರುತ್ತದೆ. ಹಳದಿ ಮಣ್ಣನ್ನು ಚೆನ್ನಾಗಿ ಕಾಯಿಸಿದರೆ ಆ ನೀರು ಹೊರಟುಹೋಗಿ ಅದು ಕೆಂಪಾಗುತ್ತದೆ. ಒಲೆ ಹೊತ್ತಿಸುವ ಹೆಂಗಸರಿಗೆ ಇದು ಪ್ರಯೋಗಾಲಯಕ್ಕಿಂತ ಮೊದಲೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಮಣ್ಣಿನ ಬಣ್ಣ ಮಾಸುವುದಿಲ್ಲ, ಮಾಸುವುದು ಗೋಡೆ. ಮಳೆಗಾಲಕ್ಕೆ ಕರಗುತ್ತದೆ, ಮುಂದಿನ ಹಬ್ಬಕ್ಕೆ ಮತ್ತೆ ಬರೆಯಬೇಕು.

ಜನಗಢ ಭೋಪಾಲಕ್ಕೆ ಬಂದರು. ಭಾರತ ಭವನದ ಗ್ರಾಫಿಕ್ ಕಾರ್ಯಾಗಾರದಲ್ಲಿ ಅವರಿಗೊಂದು ಕೆಲಸವೂ ಸಿಕ್ಕಿತು. ಈ ಕೆಲಸದ ವಿಷಯವನ್ನು ಒತ್ತಿ ಹೇಳಬೇಕು. ಪ್ರತಿಭೆಯನ್ನು ಹೊಗಳಿ ಹಾರ ಹಾಕಿ ಊರಿಗೆ ಕಳಿಸುವ ಸಮಾರಂಭಗಳು ನಮ್ಮಲ್ಲಿ ಬೇಕಾದಷ್ಟಿವೆ. ತಿಂಗಳ ಕೊನೆಗೆ ಸಂಬಳ, ಕೈಗೆ ಕಾಗದ, ಬಣ್ಣ, ಅಚ್ಚಿನ ಕಲ್ಲು, ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ನಗರದ ಕಲಾವಿದರ ಒಡನಾಟ, ಇವನ್ನೆಲ್ಲ ಒಟ್ಟಿಗೆ ಕೊಟ್ಟ ಗ್ಯಾಲರಿಗಳು ಬೆರಳೆಣಿಕೆಯಷ್ಟು. ಮೊದಲ ಬಾರಿಗೆ ಗಾಢವಾದ ಪೋಸ್ಟರ್ ಬಣ್ಣಗಳನ್ನು ಮುಟ್ಟಿದಾಗ ಮೈಯಲ್ಲಿ ನಡುಕ ಹುಟ್ಟಿತೆಂದು ಜನಗಢ ಮುಂದೆ ಹೇಳಿಕೊಂಡದ್ದುಂಟು. ಮಣ್ಣಿನಲ್ಲಿ ಸಿಗುವುದು ನಾಲ್ಕೈದು ಬಣ್ಣ; ಅಲ್ಲಿ ಬಾಟಲಿಗಳ ಸಾಲೇ ಇತ್ತು.

ಅವರು ಬರೆದದ್ದು ಹಾಡಿನಲ್ಲಿದ್ದ ದೇವರುಗಳನ್ನು. ಬಡಾದೇವ, ಠಾಕುರ್ ದೇವ, ಮರಹೀ ದೇವಿ ಇವರೆಲ್ಲ ಬಾಯಿಂದ ಬಾಯಿಗೆ ಬಂದವರು, ಇವರಿಗೆ ಮುಖವಿರಲಿಲ್ಲ. ಮುಖ ಕೊಡುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಜಿಂಕೆಯ ಕೊಂಬು ಮರವಾಯಿತು, ಹಾವು, ಹಕ್ಕಿ, ಮೊಸಳೆ, ಹುಲಿ ಬಂದವು. ಒಂದೊಂದರ ಮೈತುಂಬ ಸಾಲು ಸಾಲು ಚುಕ್ಕೆ, ಗೀರು, ಬಾಚಣಿಗೆ ಹಲ್ಲಿನಂಥ ರೇಖೆ. ಹತ್ತಿರ ಹೋದರೆ ಬರೀ ಚುಕ್ಕೆ. ದೂರ ನಿಂತರೆ ಪ್ರಾಣಿ ಉಸಿರಾಡುತ್ತಿರುವಂತೆ ಕಾಣುತ್ತದೆ. ಬಲ್ಲವರು ಈ ಶೈಲಿಗೆ ಜನಗಢ ಕಲಮ್ ಎಂದೇ ಹೆಸರಿಟ್ಟರು. 1986ರಲ್ಲಿ ಮಧ್ಯಪ್ರದೇಶ ಸರ್ಕಾರದ ಶಿಖರ್ ಸಮ್ಮಾನ್ ಬಂತು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದಲ್ಲಿ ಜಗತ್ತಿನ ನಾನಾ ಖಂಡಗಳ ಕಲಾವಿದರನ್ನು ಕೂಡಿಸಿದ ಪ್ರಸಿದ್ಧ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. ಕೊರಿಯಾ ಅವರೇ ವಿನ್ಯಾಸಗೊಳಿಸಿದ ಭೋಪಾಲದ ವಿಧಾನ ಭವನದ ಗೋಡೆಗಳ ಮೇಲೂ ಜನಗಢ ಬರೆದರು.

ಜನಗಢ ಅವರನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಕಾಯಿತು. ಭೂರಿ ಬಾಯಿಯವರ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅವರು ಭಾರತ ಭವನದ ಕಟ್ಟಡಕ್ಕೇ ಮಣ್ಣು ಕಲ್ಲು ಹೊರುತ್ತಿದ್ದರು! ಝಾಬುಆ ಜಿಲ್ಲೆಯ ಪಿಟೋಲ್ ಗ್ರಾಮದ ಭೀಲ್ ಹೆಣ್ಣುಮಗಳು. ಹಿಂದಿ ಬಾರದು. ಕೂಲಿಯಾಳುಗಳ ನಡುವೆ ಓಡಾಡುತ್ತಿದ್ದ ಸ್ವಾಮಿನಾಥನ್, ನಿಮ್ಮೂರಲ್ಲಿ ಮನೆಗೋಡೆಗೆ ಏನು ಬರೆಯುತ್ತೀರಿ, ಬರೆದು ತೋರಿಸಿ ಎಂದರಂತೆ. ಚಿತ್ರ ಬರೆಯುತ್ತ ಕೂತರೆ ನಮ್ಮ ಕೂಲಿಯ ಗತಿಯೇನು ಎಂಬುದು ಆ ಹೆಂಗಸರ ಪ್ರಶ್ನೆ. ದಿನಕ್ಕೆ ಎಷ್ಟು ಕೂಲಿ? ಆರು ರೂಪಾಯಿ. ಹಾಗಾದರೆ ಚಿತ್ರಕ್ಕೆ ದಿನಕ್ಕೆ ಹತ್ತು ರೂಪಾಯಿ ಎಂದರು ಸ್ವಾಮಿನಾಥನ್. ಭೂರಿ ಬಾಯಿಯವರೇ ಅನೇಕ ಸಂದರ್ಶನಗಳಲ್ಲಿ ಹೇಳಿರುವ ಸಂಗತಿಯಿದು. ಕೂತು ಬಣ್ಣ ಬಳಿಯುವುದಕ್ಕೆ ಕಲ್ಲು ಹೊರುವುದಕ್ಕಿಂತ ಹೆಚ್ಚು ಹಣ ಯಾಕೆ ಕೊಡುತ್ತಾರೆಂಬುದು ಅವರಿಗೆ ಆಗ ಅರ್ಥವಾಗಿರಲಿಲ್ಲ.

ಭೀಲರಲ್ಲಿ ಪಿಠೋರಾ ಎಂಬ ಆಚರಣೆಯ ಚಿತ್ರವುಂಟು, ಅದರ ಕುದುರೆಗಳನ್ನು ಗಂಡಸರೇ ಬರೆಯಬೇಕು. ಹೆಂಗಸರಿಗೆ ಉಳಿದದ್ದು ಮನೆಗೋಡೆ. ಆ ಗೋಡೆಯಿಂದಲೇ ಭೂರಿ ಬಾಯಿಯವರ ಕಲೆ ಕಾಗದಕ್ಕೆ ಇಳಿಯಿತು. ಮರ, ನವಿಲು, ಗುಡಿಸಲು, ಬಾವಿ, ಹೊಲ ಎಲ್ಲದರ ಮೈಯೂ ಬಣ್ಣಬಣ್ಣದ ಚುಕ್ಕೆಗಳಿಂದ ತುಂಬುತ್ತದೆ. ಈ ಚುಕ್ಕೆಗಳು ಮೆಕ್ಕೆಜೋಳದ ಕಾಳುಗಳ ಹಾಗೆಂದು ಹೇಳುವುದುಂಟು. ಆಮೇಲಿನ ಚಿತ್ರಗಳಲ್ಲಿ ಬಸ್ಸು, ವಿಮಾನಗಳೂ ಬಂದವು. ಅವಕ್ಕೂ ಚುಕ್ಕೆಯ ಅಂಗಿಯೇ. ಭೂರಿ ಬಾಯಿಯವರಂತೆಯೇ ಕೂಲಿಗೆ ಬಂದ ಲಾಡೋ ಬಾಯಿಯವರೂ ಹೆಸರಾಂತ ಚಿತ್ರಕಾರ್ತಿಯಾದರು. 2021ರಲ್ಲಿ ಭೂರಿ ಬಾಯಿಯವರಿಗೆ ಪದ್ಮಶ್ರೀ ಬಂತು. ತಾವೇ ಹೊತ್ತ ಕಲ್ಲಿನ ಕಟ್ಟಡದಲ್ಲಿ ತಮ್ಮ ಚಿತ್ರ ತೂಗುವುದನ್ನು ಕಂಡ ಕಲಾವಿದರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು?

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸುಖಾಂತವಾಗಿ ಕಾಣುತ್ತದೆ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುವಬೇಕು. ಆಧುನಿಕ ಭಾರತೀಯ ಕಲೆಯ ದೊಡ್ಡ ಹೆಸರುಗಳಲ್ಲೊಂದಾದ ಎಸ್. ಎಚ್. ರಝಾ ಹುಟ್ಟಿದ್ದು 1922ರಲ್ಲಿ, ಇದೇ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬಲ್ಲಿ. ಅವರ ತಂದೆ ಅರಣ್ಯ ಇಲಾಖೆಯಲ್ಲಿದ್ದವರು. ಒಂದೇ ಜಿಲ್ಲೆಯ ಕಾಡು ಇಬ್ಬರನ್ನೂ ಬೆಳೆಸಿತು, ಇಬ್ಬರ ಚಿತ್ರಗಳೂ ಪ್ಯಾರಿಸ್ ಕಂಡವು. ರಝಾ ಅವರ 'ಜೆಸ್ಟೇಷನ್' ಎಂಬ ಚಿತ್ರ 2023ರ ಆಗಸ್ಟ್‌ನಲ್ಲಿ ಮುಂಬಯಿಯ ಹರಾಜಿನಲ್ಲಿ 51.75 ಕೋಟಿ ರೂಪಾಯಿಗೆ ಹೋಯಿತು. ಜನಗಢ ಅವರ 1988ರ ಜೇಡದ ಚಿತ್ರವೊಂದು 2010ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 31,250 ಡಾಲರಿಗೆ ಮಾರಾಟವಾದಾಗ ಆದಿವಾಸಿ ಕಲಾವಿದನೊಬ್ಬನಿಗೆ ಅದೇ ದೊಡ್ಡ ಸುದ್ದಿ. ಆಗಿನ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಲಕ್ಷ ರೂಪಾಯಿ. ವರ್ಷ ಬೇರೆ, ಚಿತ್ರದ ಅಳತೆ ಬೇರೆ, ಹೀಗೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ ನಿಜ. ಆದರೂ ಅಂತರ ಎಷ್ಟೆಂಬುದು ಗೊತ್ತಾಗುತ್ತದೆ. ಗೋಡೆ ಸಮನಾದರೂ ಬೆಲೆ ಸಮನಾಗಲಿಲ್ಲ.

ಆ ಹರಾಜಿನ ಸುದ್ದಿ ಕೇಳಲು ಜನಗಢ ಇರಲಿಲ್ಲ. ಜಪಾನಿನ ನೀಗಾತಾ ಪ್ರಾಂತ್ಯದ ಮಿಥಿಲಾ ವಸ್ತುಸಂಗ್ರಹಾಲಯಕ್ಕೆ ಚಿತ್ರ ಬರೆಯಲೆಂದು ಹೋದವರು 2001ರ ಜುಲೈ ತಿಂಗಳಲ್ಲಿ ಅಲ್ಲಿಯೇ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ವಯಸ್ಸು ನಲವತ್ತರ ಸುಮಾರು. ಈ ಸಾವು ದೇಶದ ಕಲಾವಿದರನ್ನು ಕಲಕಿತು. ಪರದೇಶಕ್ಕೆ ಹೋಗುವ ಆದಿವಾಸಿ ಕಲಾವಿದನ ಒಪ್ಪಂದವನ್ನು ಯಾರು ಓದುತ್ತಾರೆ, ಅವನಿಗೆ ಸಿಗುವ ಹಣವೆಷ್ಟು, ಊರಿಗೆ ಮರಳಬೇಕೆಂದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳು ಎದ್ದವು. ಅವು ಇವತ್ತಿಗೂ ಹಳೆಯದಾಗಿಲ್ಲ. ಗ್ಯಾಲರಿಯೊಂದು ಬಾಗಿಲು ತೆರೆದರೆ ಸಾಲದು, ಬಾಗಿಲಾಚೆಗಿನ ಕಾಗದಪತ್ರದ ಜಗತ್ತಿಗೂ ಜೊತೆಗಾರರು ಬೇಕಾಗುತ್ತದೆ.

ಜನಗಢ ಬದುಕಿದ್ದಾಗಲೇ ಅವರ ಭೋಪಾಲದ ಮನೆ ಒಂದು ಗುರುಕುಲದಂತಾಗಿತ್ತು. ಪಾಟನ್‌ಗಢದಿಂದ ಬಂದ ತಮ್ಮಂದಿರು, ಸೋದರಳಿಯಂದಿರು, ನೆಂಟರಿಷ್ಟರು ಅಲ್ಲಿ ಉಳಿದು, ದೊಡ್ಡ ಚಿತ್ರಗಳಲ್ಲಿ ಚುಕ್ಕೆ ತುಂಬುತ್ತ ಕೈ ಪಳಗಿಸಿಕೊಂಡರು. ಒಬ್ಬೊಬ್ಬರೂ ತಮ್ಮದೇ ಒಂದು ತುಂಬುವ ಮಾದರಿಯನ್ನು ಕಂಡುಕೊಳ್ಳಬೇಕೆಂಬುದು ಇವರಲ್ಲಿ ಬೆಳೆದು ಬಂದ ಕ್ರಮ. ಒಬ್ಬರದು ಮೀನಿನ ಹುರುಪೆಯಂತೆ, ಇನ್ನೊಬ್ಬರದು ಕುಡುಗೋಲಿನಂತೆ, ಮತ್ತೊಬ್ಬರದು ಸರಪಳಿಯಂತೆ. ಬಲ್ಲವರು ರುಜು ನೋಡದೆ ಮಾದರಿ ನೋಡಿಯೇ ಇದು ಇಂಥವರದೆನ್ನುತ್ತಾರೆ. ಪತ್ನಿ ನನ್‌ಕುಸಿಯಾ, ಮಗ ಮಯಂಕ್, ಮಗಳು ಜಪಾನಿ ಎಲ್ಲರೂ ಚಿತ್ರಕಾರರೇ. ಮಗಳ ಹೆಸರು ತಂದೆಯ ಮೊದಲಿನ ಜಪಾನ್ ಪ್ರವಾಸದ ನೆನಪಿನಲ್ಲಿ ಇಟ್ಟದ್ದು.

ಸೋದರಳಿಯ ಭಜ್ಜು ಶ್ಯಾಮ್ ಭೋಪಾಲದಲ್ಲಿ ರಾತ್ರಿ ಕಾವಲುಗಾರನಾಗಿ, ಎಲೆಕ್ಟ್ರಿಕ್ ಕೆಲಸ ಮಾಡಿ, ಕೊನೆಗೆ ಜನಗಢರ ಬಳಿ ಬಂದವರು. ಲಂಡನ್ನಿನ ಭಾರತೀಯ ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲು ಕರೆ ಬಂದಾಗ ಎರಡು ತಿಂಗಳು ಅಲ್ಲಿದ್ದರು. ಕಾಡಿನವನು ಕಂಡ ಲಂಡನ್ ಹೇಗಿತ್ತು? ಊರಿಗೆ ಹೊತ್ತು ತಿಳಿಸುವ ಬಿಗ್ ಬೆನ್ ಗಡಿಯಾರ ಒಂದು ಹುಂಜ. ನೆಲದಡಿ ಕೊರೆದು ಓಡುವ ರೈಲು ಎರೆಹುಳು. ಕೆಂಪು ಬಸ್ಸು ನಂಬಿಗಸ್ತ ನಾಯಿ, ಹೊತ್ತಿಗೆ ಸರಿಯಾಗಿ ಬಂದು ಕರೆದೊಯ್ಯುತ್ತದೆ. ಅಷ್ಟು ಭಾರದ ವಿಮಾನ ಮೇಲಕ್ಕೇಳುವುದು ಆನೆಗೆ ರೆಕ್ಕೆ ಬಂದ ಹಾಗೆ. ರಾತ್ರಿಯಾದೊಡನೆ ಹೊರಬಿದ್ದು ಪಾನಗೃಹ ಸೇರುವ ಇಂಗ್ಲಿಷರು ಬಾವಲಿಗಳು! ಇನ್ನೂರು ವರ್ಷ ಬಿಳಿಯರು ಆದಿವಾಸಿಗಳ ಬಗ್ಗೆ ಪುಸ್ತಕ ಬರೆದರು; ಚೆನ್ನೈಯ ತಾರಾ ಬುಕ್ಸ್ 2004ರಲ್ಲಿ ಹೊರತಂದ 'ದಿ ಲಂಡನ್ ಜಂಗಲ್ ಬುಕ್' ಆ ಲೆಕ್ಕವನ್ನು ನಗುನಗುತ್ತಲೇ ತೀರಿಸಿತು. ಮಕ್ಕಳಿಗೆ ಕೊಡಬೇಕಾದ ಪುಸ್ತಕವಿದು. ಭಜ್ಜು ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಡಾ. ಅಂಬೇಡ್ಕರರ ಬದುಕನ್ನು 2011ರಲ್ಲಿ 'ಭೀಮಾಯಣ'ವೆಂಬ ಚಿತ್ರಪುಸ್ತಕಕ್ಕೆ ಬರೆದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳೂ ಇದೇ ಬಳಗದವರು. ದುರ್ಗಾಬಾಯಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಇನ್ನೊಬ್ಬರನ್ನು ಇಲ್ಲಿ ಬಿಡುವಂತಿಲ್ಲ. ಉಮರಿಯಾ ಜಿಲ್ಲೆಯ ಲೋಢಾ ಗ್ರಾಮದ ಜೋಧೈಯಾ ಬಾಯಿ ಬೈಗಾ ಕುಂಚ ಹಿಡಿದದ್ದು ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಶಾಂತಿನಿಕೇತನದಲ್ಲಿ ಓದಿದ ಆಶಿಷ್ ಸ್ವಾಮಿ ಎಂಬ ಕಲಾವಿದರು ಆ ಹಳ್ಳಿಯಲ್ಲೇ ಒಂದು ಚಿತ್ರಶಾಲೆ ತೆರೆದಿದ್ದರು. ಅಲ್ಲಿಗೆ ಬಂದು ಕಲಿತವರು ಇವರು. 2023ರಲ್ಲಿ ಪದ್ಮಶ್ರೀ ಪಡೆದು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇನ್ನು ಈ ವಯಸ್ಸಿಗೆ ಏನು ಕಲಿಯುವುದು ಎನ್ನುವ ನಡುವಯಸ್ಸಿನ ತಂದೆತಾಯಂದಿರು, ಹತ್ತನೆಯ ತರಗತಿಗೆ ಬಂದೊಡನೆ ಮಕ್ಕಳ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವ ತಂದೆತಾಯಂದಿರು ಬೇರೆ ಬೇರೆಯಲ್ಲ, ಬಹುತೇಕ ಒಬ್ಬರೇ. ಶಾಲೆಗಳೂ ಏನು ಕಡಿಮೆಯಿಲ್ಲ. ಪಾಠ ಹಿಂದುಳಿದರೆ ಮೊದಲು ಬಲಿಯಾಗುವುದು ಚಿತ್ರಕಲೆಯ ಪಿರಿಯಡ್ಡು.

ಗೊಂಡ ಚಿತ್ರ ಇವತ್ತು ಎಲ್ಲೆಲ್ಲೂ ಇದೆ. ಕೊಂಬು ಮರವಾದ ಜಿಂಕೆ ಚಹಾ ಲೋಟದ ಮೇಲಿದೆ, ಸೀರೆಯ ಸೆರಗಿನಲ್ಲಿದೆ, ಮೊಬೈಲಿನ ಕವಚದ ಮೇಲೂ ಇದೆ. ಅದರಲ್ಲಿ ಎಷ್ಟನ್ನು ಪರ್ಧಾನರು ಬರೆದರು, ಎಷ್ಟನ್ನು ಕಂಪ್ಯೂಟರಿನಲ್ಲಿ ಯಾರೋ ನಕಲಿಳಿಸಿದರು ಎಂದು ಕೊಳ್ಳುವವರು ಕೇಳುವುದಿಲ್ಲ. ಮಧ್ಯಪ್ರದೇಶದ ಗೊಂಡ ಚಿತ್ರಕಲೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮೈಸೂರು ಸಿಲ್ಕಿಗೆ, ಚನ್ನಪಟ್ಟಣದ ಗೊಂಬೆಗೆ ಇರುವಂಥದ್ದೇ. ಅದು ಪ್ರದೇಶಕ್ಕೆ ಸಿಕ್ಕ ರಕ್ಷಣೆ; ಒಬ್ಬ ಕಲಾವಿದೆ ತಾನಾಗಿ ಕಂಡುಕೊಂಡ ಚುಕ್ಕೆಯ ಮಾದರಿಗೆ ಅದರಿಂದ ಕಾವಲು ಸಿಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಜನಗಢ ಹೊಸ ದಾರಿ ತುಳಿದವರು. ಅವರ ದಾರಿಯೇ ಈಗ ಸಂಪ್ರದಾಯವಾಗಿ, ಕೊಳ್ಳುವವರು ಅದೇ ಜಿಂಕೆ ಅದೇ ಮರವನ್ನು ಬೇಡುತ್ತಾರೆ. ಬೇರೆ ಏನನ್ನಾದರೂ ಬರೆಯಬಯಸುವ ಎಳೆಯರಿಗೆ ಇದು ಕಷ್ಟ. ನಗರದ ಕಲಾವಿದ ವರ್ಷಕ್ಕೊಮ್ಮೆ ಶೈಲಿ ಬದಲಿಸಿದರೆ ಪ್ರಯೋಗಶೀಲ. ಆದಿವಾಸಿ ಕಲಾವಿದ ಬದಲಿಸಿದರೆ ಮೂಲ ಕೆಟ್ಟಿತೆಂಬ ಆಕ್ಷೇಪ. ಸ್ವಾಮಿನಾಥನ್ 1990ರಲ್ಲಿ ಭಾರತ ಭವನ ಬಿಟ್ಟರು, 1994ರಲ್ಲಿ ತೀರಿಕೊಂಡರು. ಅವರಿದ್ದಿದ್ದರೆ ಈ ಆಕ್ಷೇಪಕ್ಕೆ ಜೋರಾದ ಜಗಳವನ್ನೇ ತೆಗೆಯುತ್ತಿದ್ದರೇನೋ.

ಶ್ಯಾಮಲಾ ಬೆಟ್ಟದಲ್ಲಿ ಭಾರತ ಭವನವೊಂದನ್ನೇ ನೋಡಿ ಮರಳುವುದು ಸರಿಯಲ್ಲ. ಇಲ್ಲೇ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯವಿದೆ. ಸುಮಾರು 200 ಎಕರೆಯ ಗುಡ್ಡದ ಮೇಲೆ ದೇಶದ ನಾನಾ ಬುಡಕಟ್ಟುಗಳ ಮನೆಗಳನ್ನು ಆಯಾ ಜನರೇ ಬಂದು ಕಟ್ಟಿಕೊಟ್ಟಿದ್ದಾರೆ. ನಡೆಯುವ ಶಕ್ತಿಯಿದ್ದವರಿಗೆ ಒಂದು ಇಡೀ ದಿನ ಬೇಕು. ಅದರ ಸಮೀಪದಲ್ಲೇ 2013ರಲ್ಲಿ ತೆರೆದ ಮಧ್ಯಪ್ರದೇಶ ಜನಜಾತೀಯ ಸಂಗ್ರಹಾಲಯ, ವಾಸ್ತುಶಿಲ್ಪಿ ರೇವತಿ ಕಾಮತ್ ಅವರ ವಿನ್ಯಾಸ. ಗಾಜಿನ ಪೆಟ್ಟಿಗೆಯಲ್ಲಿ ವಸ್ತುಗಳನ್ನು ಮಲಗಿಸಿಟ್ಟ ಸಂಗ್ರಹಾಲಯವಲ್ಲ ಇದು. ಆದಿವಾಸಿ ಕಲಾವಿದರೇ ಬಂದು ಮಣ್ಣು, ಮರ, ಕಬ್ಬಿಣ, ಬಿದಿರುಗಳಲ್ಲಿ ಒಳಾಂಗಣವನ್ನೆಲ್ಲ ಕಟ್ಟಿದ್ದಾರೆ. ಮಕ್ಕಳು ಇಲ್ಲಿಂದ ಬೇಗ ಹೊರಡಲು ಒಪ್ಪುವುದಿಲ್ಲವೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಇಲ್ಲಿನ ಲಿಖಂದರಾ ಎಂಬ ಗ್ಯಾಲರಿಯಲ್ಲಿ ಶಲಾಕಾ ಎಂಬ ಹೆಸರಿನಲ್ಲಿ ತಿಂಗಳಿಗೊಬ್ಬ ಆದಿವಾಸಿ ಕಲಾವಿದರ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಚಿತ್ರಗಳನ್ನು ನೋಡಬಹುದು, ಕೊಳ್ಳಲೂಬಹುದು.

ಬೆಂಗಳೂರಿನಿಂದ ಹೋಗುವವರಿಗೆ ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಭೋಪಾಲದ ಮೇಲೆಯೇ ಹಾಯುತ್ತದೆ. ಮೂರೂ ಕಡೆ ಸೋಮವಾರ ರಜೆ. ಭಾರತ ಭವನ ತೆರೆಯುವುದು ಮಧ್ಯಾಹ್ನದ ಮೇಲೆ, ಹೊರಡುವ ಮೊದಲು ವೇಳೆ ವಿಚಾರಿಸಿಕೊಳ್ಳುವುದು ಲೇಸು. ಮಳೆಗಾಲ ಮುಗಿದ ಮೇಲೆ, ಕೆರೆ ತುಂಬಿರುವಾಗ ಹೋದರೆ ಚೆನ್ನ. ಜನಜಾತೀಯ ಸಂಗ್ರಹಾಲಯದಲ್ಲಿ ಭೂರಿ ಬಾಯಿಯವರು ತಮ್ಮ ಜೀವನವನ್ನೇ ಬರೆದ 70 ಅಡಿ ಉದ್ದದ ಗೋಡೆಯೊಂದಿದೆ. ಅದನ್ನು ನೋಡಲು ಮಾರ್ಗದರ್ಶಿ ಬೇಕಾಗಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರಾಯಿತು.